ಕೋಳಿಗೂಡಿನ ಹುಡುಗಿಯರಿಗೆ ಕನ್ನಡ ಕಲಿಸಿದ್ದು

ಕಾಲು ಮುರಿದುಕೊಳ್ಳದೇ ಇದ್ದಿದ್ದರೆ ನಾನು ಆ ಕಾರ್ಟೂನನ್ನು ನೋಡುತ್ತಲೇ ಇರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯ ಒಂದು ತಿರುವಿನಲ್ಲಿ ಆಟೋ ಎದುರಿಗೆ ಬಂತೆಂದು ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಸ್ಕೂಟಿ ಒಂದು ಕಡೆ ಬಿತ್ತು, ನಾನೊಂದು ಕಡೆ. ಎಡಗಾಲಿನ ಎಲುಬು ಸೀಳಿತ್ತು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಆರು ವಾರ ಕಾಲು ನೆಲಕ್ಕೆ ಊರಬಾರದು ಎಂದು ಹೇಳಿ ಕಳಿಸಿದರು.

ಆಗ ನನಗೆ ಮೂವತ್ತೊಂದು. ಖಾಸಗಿ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ಸರಸ್ವತಿ ನಗರದ ಮನೆಯಲ್ಲಿ ಇರುವುದು ಅವ್ವ ಮತ್ತು ನಾನು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಕ್ಕ ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ನನ್ನನ್ನು ನೋಡಲು ಬಂದಿದ್ದ ಅಕ್ಕನ ಮಗಳು ಹೊರಡುವ ಮುಂಚೆ ನನ್ನ ಫೋನನ್ನು ಟಿವಿಗೆ ಜೋಡಿಸಿಕೊಟ್ಟಳು. "ಚಿಕ್ಕಮ್ಮ, ಇದನ್ನ ನೋಡು. ನಗ್ತಾ ನಗ್ತಾ ಕಾಲ್ನೋವು ಮರೀತೀಯ," ಎಂದು ಹೇಳಿ ಬಸ್ಸಿಗೆ ಓಡಿದಳು.

ಅದು ಜಪಾನಿನ ಅನಿಮೆ, ಒಟ್ಟು ಹನ್ನೆರಡು ಕಂತು. ಸಮುದ್ರದ ಪಕ್ಕದ ಒಂದು ಸಣ್ಣ ಊರಿನಲ್ಲಿ ಕೃಷಿ ಕಾಲೇಜೊಂದಿದೆ. ಕಾಲೇಜಿನ ಕೋಳಿಗೂಡು ನೋಡಿಕೊಳ್ಳುವ ಕೆಲಸಕ್ಕೆ ಚೀಟಿ ಎತ್ತಿದಾಗ ಇಬ್ಬರು ಹುಡುಗಿಯರ ಹೆಸರು ಬರುತ್ತದೆ. ಒಬ್ಬಳು ಉದ್ದ, ಮಾತು ಕಡಿಮೆ, ಕೋಳಿ ಕಂಡರೆ ಕೈಕಾಲು ನಡುಗುತ್ತವೆ. ಇನ್ನೊಬ್ಬಳು ಗಿಡ್ಡಿ, ಬಾಯಿಬಡುಕಿ, ಹೊತ್ತುಹೊತ್ತಿಗೆ ಹಸಿಯುವವಳು. ಕೋಳಿ ಹಾರುತ್ತದೆ, ಉದ್ದನೆಯವಳು ಬುಟ್ಟಿಯೊಳಗೆ ಬೀಳುತ್ತಾಳೆ. ಮೊದಲ ಕಂತಿನಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ. ಇಷ್ಟಕ್ಕೇ ನಕ್ಕೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಅವ್ವ ಹದಡಿಯ ರೈತರ ಮನೆಯ ಮಗಳು. ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಾ ಪಕ್ಕದಲ್ಲಿ ಕೂತಿದ್ದಳು. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ.

"ಏನಂತಾಳೆ ಆ ಉದ್ದಾಕಿ?"

"ಕೋಳಿ ತನ್ನನ್ನೇ ನೋಡ್ತೈತಂತೆ ಅವ್ವ."

"ಹೆದರಾಕಿನ್ನ ಕಂಡ್ರೆ ಅವು ನೋಡದೆ ಬಿಡ್ತಾವೇನು? ಕಾಳು ಹಾಕು ಅನ್ನು ಆಕಿಗೆ."

ಹೀಗೆ ಶುರುವಾಯಿತು. ನಾನು ಪರದೆಯ ಕೆಳಗಿನ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಬೇಕು, ಅವ್ವ ಅದಕ್ಕೆ ಉತ್ತರ ಕೊಡಬೇಕು. ಆದರೆ ಗಿಡ್ಡಿ ಬಾಯಿಬಿಟ್ಟರೆ ನನ್ನ ನಾಲಿಗೆ ಅವಳ ವೇಗಕ್ಕೆ ಓಡುತ್ತಿರಲಿಲ್ಲ. ಮಲಗಿ ಮಲಗಿ ಬೇಜಾರೂ ಆಗಿತ್ತು. ಅಕ್ಕನ ಮಗಳನ್ನು ಫೋನಿನಲ್ಲಿ ಕೇಳಿಕೊಂಡು, ಕನ್ನಡದ ಸಬ್‌ಟೈಟಲ್ ಬರೆಯುವುದು ಹೇಗೆಂದು ಕಲಿತೆ. ದಿನಕ್ಕೆ ಅರ್ಧ ಕಂತು ಮುಗಿಯುತ್ತಿತ್ತು. ಅವ್ವ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಓದುತ್ತಿದ್ದಳು.

ಹೆಣ್ಣುಮಕ್ಕಳ ನಡುವಿನ ಪ್ರೀತಿಯ ಕತೆಗಳಿಗೆ ಜಪಾನಿನಲ್ಲಿ ಯುರಿ ಅನ್ನುತ್ತಾರೆ, ಅಂದರೆ ಲಿಲ್ಲಿ ಹೂವು ಎಂದು ನಾನು ಎಲ್ಲೋ ಓದಿ ತಿಳಿದುಕೊಂಡಿದ್ದೆ. ಅವ್ವನಿಗೆ ಹೇಳಿರಲಿಲ್ಲ. ನಾಲ್ಕನೇ ಕಂತಿನ ಹೊತ್ತಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಆ ಕಂತಿನಲ್ಲಿ ಹುಡುಗಿಯರಿಬ್ಬರೂ ಜಗಳವಾಡುತ್ತಾರೆ. ಗಿಡ್ಡಿ ಇನ್ನೊಬ್ಬಳನ್ನು ಕೇಳದೆ ಕೋಳಿಗಳಿಗೆಲ್ಲ ಹೆಸರಿಟ್ಟುಬಿಟ್ಟಿರುತ್ತಾಳೆ, ಜಗಳಕ್ಕೆ ಅದೇ ಕಾರಣ. ಮಾತು ಬಿಟ್ಟ ಮೇಲೂ ಗೂಡಿನ ಕೆಲಸ ಒಟ್ಟಿಗೇ ಮಾಡಬೇಕಲ್ಲ, ಅದಕ್ಕೆ ಇಬ್ಬರೂ ಕೋಳಿಯ ಜೊತೆ ಮಾತಾಡುತ್ತಾರೆ. "ಕಾಳು ಮುಗಿದಿದೆ ಎಂದು ಅವಳಿಗೆ ಹೇಳು," ಎಂದು ಒಬ್ಬಳು ಕೋಳಿಗೆ ಹೇಳುತ್ತಾಳೆ. "ನನಗೆ ಕಣ್ಣಿದೆ ಎಂದು ಅವಳಿಗೆ ಹೇಳು," ಎಂದು ಇನ್ನೊಬ್ಬಳು ಅದೇ ಕೋಳಿಗೆ ಹೇಳುತ್ತಾಳೆ. ಕೋಳಿ ಅತ್ತ ನೋಡುತ್ತದೆ, ಇತ್ತ ನೋಡುತ್ತದೆ.

ಅವ್ವ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಸೆರಗಿನಿಂದ ಒರೆಸಿಕೊಳ್ಳುತ್ತಾ, "ನಿಮ್ಮಪ್ಪನೂ ನಾನೂ ಹಿಂಗೇ. ಜಗಳ ಆದ್ರೆ ನಿನ್ ಕೈಲಿ ಹೇಳಿ ಕಳಿಸ್ತಿದ್ವಿ. ಇಬ್ರೂ ಒಂದೇ ಕ್ವಾಣ್ಯಾಗೆ ಇರ್ತಿದ್ವಿ, ನಡುವೆ ನೀನು," ಎಂದಳು. ಸ್ವಲ್ಪ ಹೊತ್ತು ಟಿವಿ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ಇವ್ರು ಬರೀ ಗೆಳತೇರಲ್ಲ ಬಿಡು," ಎಂದಳು.

ಆ ಮಾತಿನಲ್ಲಿ ಬೇಸರವಿರಲಿಲ್ಲ. ಅಡುಗೆಗೆ ಉಪ್ಪು ಸರಿಯಾಗಿದೆ ಎಂದು ಹೇಳುವಾಗಲೂ ಅವ್ವನ ದನಿ ಹಾಗೇ ಇರುತ್ತದೆ.

ಆ ಕತೆ ನನಗೆ ಯಾಕೆ ಅಷ್ಟು ನಿಜವೆನಿಸಿತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಾವು ಬೆಳೆಯುವಾಗ ನೋಡಿದ ಪ್ರೇಮಕತೆಗಳಲ್ಲಿ ಪ್ರೀತಿ ಎಂಬುದು ಮಳೆಯಲ್ಲಿ, ಬೆಟ್ಟದ ಮೇಲೆ, ಕೈ ಕೊಯ್ದುಕೊಂಡು ನಡೆಯುವ ವಿಷಯವಾಗಿತ್ತು. ಇಬ್ಬರು ಹೆಣ್ಣುಮಕ್ಕಳ ನಡುವೆ ಅಂಥದ್ದೇನಾದರೂ ಬಂದರೆ ಕೊನೆಯಲ್ಲಿ ಒಬ್ಬಳು ಸಾಯಲೇಬೇಕಿತ್ತು. ಇಲ್ಲಿ ಯಾರೂ ಸಾಯುವುದಿಲ್ಲ. ಉದ್ದನೆಯವಳು ಬೆಳಗ್ಗೆ ಒಂದು ತಾಸು ಮುಂಚೆ ಬಂದು, ಹೆದರುತ್ತಾ ಹೆದರುತ್ತಾ ಕೋಳಿ ಹಿಡಿಯುವುದನ್ನು ಒಬ್ಬಳೇ ಕಲಿಯುತ್ತಾಳೆ. ಗಿಡ್ಡಿಗೆ ಬೆಳಗಿನ ನಿದ್ದೆ ಜಾಸ್ತಿ, ಅವಳು ಇನ್ನಷ್ಟು ಮಲಗಲಿ ಎಂದು. ಅದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಗಿಡ್ಡಿ ಮೊಟ್ಟೆ ಹುರಿದಾಗ ಗರಿಗರಿಯಾದ ಅಂಚನ್ನು ತಾನು ತಿನ್ನದೆ ಉದ್ದನೆಯವಳ ಪಕ್ಕಕ್ಕೆ ಸರಿಸುತ್ತಾಳೆ. ಅದನ್ನೂ ಯಾರೂ ಹೇಳುವುದಿಲ್ಲ. ಹೊಟ್ಟೆಬಾಕಿಯೊಬ್ಬಳು ತನ್ನ ತಟ್ಟೆಯಿಂದ ಒಂದು ತುಣುಕನ್ನು ಸರಿಸಿದ್ದು ನನಗೆ ಹತ್ತು ಹಾಡಿಗಿಂತ ದೊಡ್ಡದಾಗಿ ಕಂಡಿತು. ನಗಿಸುತ್ತಲೇ ಅದನ್ನು ತೋರಿಸಿದ್ದರಿಂದ ಇನ್ನೂ ಹೆಚ್ಚು ನಂಬಿಕೆ ಬಂತು. ಎಲ್ಲ ಕಂತೂ ಹಾಗಿರಲಿಲ್ಲ ಅನ್ನಿ. ಬೀಚಿಗೆ ಹೋಗುವ ಕಂತೊಂದು ಬರೀ ಬಟ್ಟೆ ತೋರಿಸುವುದಕ್ಕೇ ಮಾಡಿದ್ದು. ಅವ್ವ ಎದ್ದುಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದಳು.

ಮೊದಲ ಮೂರು ಕಂತಿನ ಕನ್ನಡವನ್ನು ನಾನು ಫೋನಿನ ಒಂದು ಗುಂಪಿಗೆ ಹಾಕಿದ್ದೆ. ಇಂಥದ್ದನ್ನು ನೋಡುವ ಕನ್ನಡದವರ ಸಣ್ಣ ಗುಂಪು ಅದು. ಹೆಚ್ಚಿನವರು ಹೆಬ್ಬೆಟ್ಟಿನ ಗುರುತು ಹಾಕಿ ಸುಮ್ಮನಾದರು. ಮೂರು ದಿನದ ಮೇಲೆ ಒಬ್ಬರಿಂದ ಉದ್ದನೆಯ ಸಂದೇಶ ಬಂತು.

"ಮೇಡಮ್ಮರೇ, ನೀವು ಟೀಚರ್ ಇರ್ಬೇಕು. ತಪ್ಪು ತಿಳ್ಕಬ್ಯಾಡ್ರಿ. ಕೋಳಿ ಓಡಿ ಹೋದಾಗ ಯಾರಾದ್ರೂ 'ಅಯ್ಯೋ, ಕೋಳಿಯು ತಪ್ಪಿಸಿಕೊಂಡಿತು' ಅಂತಾರೇನ್ರಿ? ಅಷ್ಟು ಹೇಳೋದ್ರಾಗೆ ಅದು ಹರಿಹರ ದಾಟಿರ್ತೈತೆ."

ನನಗೆ ಸಿಟ್ಟು ಬಂತು. ಹಾಗಾದರೆ ನೀವೇ ಬರೆದು ತೋರಿಸಿ ಎಂದು ಉತ್ತರಿಸಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೊದಲ ಕಂತು ಪೂರ್ತಿ ಬೇರೆಯಾಗಿ ಬಂತು. ಹುಡುಗಿಯರಿಬ್ಬರೂ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಂತೆ ಮಾತಾಡುತ್ತಿದ್ದರು. "ಏ, ಹೋತು ಹೋತು, ಹಿಡೀರಿ ಅದನ್ನ!" ಅವ್ವ ಓದಿ, "ಇದನ್ನ ಬರ್ದಾಕಿ ಯಾರು? ಆಕಿಗೆ ಹೇಳು, ಎಲ್ಲಾನೂ ಆಕಿನೇ ಬರೀಲಿ," ಎಂದಳು. ಎಂಟು ವರ್ಷ ಕನ್ನಡ ಕಲಿಸಿದ ನಾನು ಪಕ್ಕದಲ್ಲೇ ಕೂತಿದ್ದೆ.

ಬರೆದವಳು ಹರಿಹರದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಅಣ್ಣನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸ. ಕೌಂಟರಿನ ಮುಂದೆ ದಿನವಿಡೀ ಜನ ಜಗಳವಾಡುವುದನ್ನು ಕೇಳಿ ಕೇಳಿ ಅವಳ ಕಿವಿ ತಯಾರಾಗಿತ್ತು. ನಾವಿಬ್ಬರೂ ಕೂಡಿ ಕೆಲಸ ಮಾಡತೊಡಗಿದೆವು. ನಾನು ಅರ್ಥ ಬಿಡಿಸಿ ಕಳಿಸುವುದು, ಅವಳು ಮಾತು ಕೂಡಿಸುವುದು. ನಾನು ಅವಳಿಗೆ ರಿ ಹಚ್ಚುತ್ತಿದ್ದೆ, ಅವಳು ನನಗೆ ಮೇಡಮ್ ಎನ್ನುತ್ತಿದ್ದಳು.

ಆರನೇ ಕಂತು ನಮ್ಮನ್ನು ಕಾಡಿತು. ಜಪಾನಿನಲ್ಲಿ ಪರಿಚಯದವರು ಮನೆತನದ ಹೆಸರು ಹಿಡಿದು ಕರೆಯುತ್ತಾರಂತೆ. ತೀರಾ ಹತ್ತಿರದವರಾದ ಮೇಲೆಯೇ ಸ್ವಂತ ಹೆಸರು. ಆ ಒಂದು ಹೆಸರು ಬಾಯಿಗೆ ಬರಲು ಇಡೀ ಕಂತು ಬೇಕಾಗುತ್ತದೆ. ಉದ್ದನೆಯವಳು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾಳೆ, ಕೋಳಿಯ ಮುಂದೆ ಅಭ್ಯಾಸ ಮಾಡುತ್ತಾಳೆ, ಎದುರಿಗೆ ಬಂದಾಗ ಕೆಮ್ಮುತ್ತಾಳೆ. ಇಂಗ್ಲಿಷಿನಲ್ಲಿ ಇದು ಏನೂ ಗೊತ್ತಾಗುವುದೇ ಇಲ್ಲ. ಕನ್ನಡದಲ್ಲಿ ಏನು ಮಾಡುವುದು ಎಂದು ನಾನು ಎರಡು ದಿನ ಒದ್ದಾಡಿದೆ.

ಅವಳು ಫೋನ್ ಮಾಡಿದಳು. "ಮೇಡಮ್, ನಮ್ಮತ್ರ ರಿ ಐತಲ್ರಿ. ಶುರುವಿಂದ ಇಬ್ರೂ ರಿ ಹಚ್ಚಿ ಮಾತಾಡ್ಲಿ. ಬರ್ರಿ, ಹೋಗ್ರಿ, ಕಾಳು ಹಾಕ್ರಿ. ಆರನೇದ್ರಾಗೆ ಉದ್ದಾಕಿ ಬಾಯಿ ತಪ್ಪಿ 'ಬಾರೇ' ಅಂದು ಬಿಡ್ಲಿ. ಅಷ್ಟ ಸಾಕು."

ನಾನು ಫೋನ್ ಹಿಡಿದುಕೊಂಡೇ ಮೊದಲ ಕಂತನ್ನು ಮತ್ತೆ ತೆರೆದೆ. ಅಷ್ಟು ಸರಿಯಾಗಿತ್ತು ಅದು.

ಪ್ಲಾಸ್ಟರ್ ಬಿಚ್ಚಿದ ಎರಡನೇ ವಾರ ಹರಿಹರಕ್ಕೆ ಬಸ್ಸು ಹತ್ತಿದೆ. ಅವಳ ಅಂಗಡಿಯಲ್ಲಿ ಮದುವೆಮನೆಯ ಗಂಡಸರಿಬ್ಬರು ಯಾವ ದೊಡ್ಡಪ್ಪನ ಹೆಸರು ಮೇಲೆ ಬರಬೇಕೆಂದು ವಾದ ಮಾಡುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದ ತೆಳ್ಳಗಿನ ಹುಡುಗಿ ತಲೆ ಎತ್ತದೆ, "ಇಬ್ರದ್ದೂ ಒಂದೇ ಸಾಲಿಗೆ ಹಾಕ್ತೀನಿ, ಕೂಡ್ರಿ," ಎನ್ನುತ್ತಿದ್ದಳು. ದನಿಯಿಂದಲೇ ಗುರುತು ಸಿಕ್ಕಿತು. ನನ್ನನ್ನು ನೋಡಿ ಮೊದಲು ನನ್ನ ಕಾಲು ನೋಡಿದಳು. ಎದ್ದು ತನ್ನ ಕುರ್ಚಿ ಕೊಟ್ಟು, ತಾನು ಕಾಗದದ ಬಂಡಲಿನ ಮೇಲೆ ಕೂತಳು.

ಊಟದ ಹೊತ್ತಿಗೆ ಅಂಗಡಿಯನ್ನು ಅಣ್ಣನಿಗೆ ಬಿಟ್ಟು, ಹರಿಹರೇಶ್ವರ ಗುಡಿಯ ಕಡೆಯಿಂದ ಹೊಳೆಯ ದಂಡೆಗೆ ಹೋದೆವು. ನಾನು ಮೆಲ್ಲಗೆ ನಡೆಯುತ್ತಿದ್ದೆ, ಅವಳೂ ಮೆಲ್ಲಗೆ ನಡೆದಳು. ಬ್ಯಾಗಿನಿಂದ ಒಂದು ಪುಸ್ತಕ ತೆಗೆದಳು. ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಪೇಪರಿನ ರಟ್ಟು ಹಾಕಿದ್ದಳು. ಅದೇ ಕೋಳಿಗೂಡಿನ ಕತೆಯ ಮಂಗಾ, ಅಂದರೆ ಚಿತ್ರಕತೆಯ ಪುಸ್ತಕ, ಇಂಗ್ಲಿಷಿನದು, ಜಪಾನಿನ ಕ್ರಮದಲ್ಲಿ ಬಲದಿಂದ ಎಡಕ್ಕೆ ಓದುವಂಥದ್ದು. ಒಂದು ಪುಟ ತೆರೆದು ತೋರಿಸಿದಳು. ಉದ್ದನೆಯವಳು ಗೂಡಿನ ಬಾಗಿಲಲ್ಲಿ ನಿಂತಿದ್ದಾಳೆ, ಗಿಡ್ಡಿ ಒಳಗೆ ಕಾಳಿನ ಚೀಲಕ್ಕೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ಮಾತೇ ಇಲ್ಲ. ಇಡೀ ಪುಟದಲ್ಲಿ ಇರುವುದು ನಿಂತವಳ ಮುಖವೊಂದೇ.

"ಇದು ಟಿವಿಯಾಗೆ ಇಲ್ರಿ," ಎಂದಳು. "ಇದನ್ನ ನೋಡಿದ ಮ್ಯಾಲೆ ನಂಗೆ ಧೈರ್ಯ ಬಂತು. ಹಿಂಗೆ ನೋಡೋರು ನಾನೊಬ್ಬಾಕಿನೇ ಅಲ್ಲ ಅಂತ."

ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳ ಮದುವೆಯ ದಿನ ನಾನು ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲಿ ಮಲಗಿದ್ದು ನೆನಪಾಯಿತು. ಅದಕ್ಕೆ ಏನು ಹೆಸರೆಂದು ಆಗ ಗೊತ್ತಿರಲಿಲ್ಲ.

ಅಂದು ಮಾಡಬೇಕಿದ್ದದ್ದು ಒಂಬತ್ತನೇ ಕಂತಿನ ಮುಖ್ಯ ದೃಶ್ಯ. ಉದ್ದನೆಯವಳು ಕಂಕುಳಲ್ಲಿ ಕೋಳಿ ಹಿಡಿದುಕೊಂಡು ತನ್ನ ಮನಸ್ಸಿನ ಮಾತು ಹೇಳುತ್ತಾಳೆ. ಅರ್ಧ ಹೇಳುವಷ್ಟರಲ್ಲಿ ಕೋಳಿ ಜಾರುತ್ತದೆ, ಹಿಡಿದು ತಂದು ಮತ್ತೆ ಮೊದಲಿನಿಂದ ಹೇಳಬೇಕು. ನಾನು ನೋಟುಬುಕ್ಕಿನಲ್ಲಿ "ನಾನು ನಿನ್ನನ್ನು ಪ್ರೀತಿಸುತ್ತೇನೆ" ಎಂದು ಬರೆದುಕೊಂಡು ಹೋಗಿದ್ದೆ.

ಅವಳು ನಕ್ಕಳು. "ಇದನ್ನ ನಮ್ ಕಡೆ ಯಾರಾದ್ರೂ ಬಾಯ್ಬಿಟ್ಟು ಅಂದಿದ್ದು ಕೇಳೀರೇನ್ರಿ?"

"ನೀ ಅಂದ್ರೆ ನಂಗಿಷ್ಟ?"

"ಅದು ಐಸ್‌ಕ್ರೀಮಿಗೂ ಅಂತಾರೆ."

"ನಿನ್ನ ಮ್ಯಾಲೆ ಮನಸಾಗೈತೆ?"

"ಕಂಪನಿ ನಾಟಕದ ಮಾತಾತು, ಮೇಡಮ್."

ನಾನು ಆ ಸಾಲನ್ನೂ ಹೊಡೆದುಹಾಕಿದೆ. ದಂಡೆಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನನ್ನ ಪಕ್ಕದಲ್ಲಿದ್ದವಳು ನೀರಿನ ಕಡೆಗೇ ಮುಖ ಮಾಡಿ, ಎಂದಿನ ದನಿಯಲ್ಲೇ, "ನಿನ್ ಬಿಟ್ಟು ಇರಾಕೆ ಆಗ್ತಿಲ್ಲ ನಂಗೆ," ಎಂದಳು.

ನಾನು ಬರೆದುಕೊಂಡೆ. ಬರೆದು ಮುಗಿದ ಮೇಲೆ, ಇಷ್ಟು ದಿನ ನನಗೆ ರಿ ಹಚ್ಚದೆ ಒಂದು ಮಾತೂ ಆಡದವಳು ಈಗ ಹೇಗೆ ಹೇಳಿದಳು ಎಂಬುದು ಹೊಳೆಯಿತು.

"ಇದು ಉದ್ದಾಕಿ ಮಾತೋ, ನಿಂದೋ?" ಎಂದು ಕೇಳಿದೆ. ನನ್ನ ಬಾಯಿಂದಲೂ ರಿ ಹೋಗಿತ್ತು.

"ಬರ್ಕಂಡ್ಯಲ್ಲ," ಎಂದಳು. ಅವಳ ಕಿವಿ ಕೆಂಪಾಗಿತ್ತು. "ಎರಡಕ್ಕೂ ಆಗ್ತೈತೆ."

ಸಂಜೆಯ ಬಸ್ಸಿನಲ್ಲಿ ದಾವಣಗೆರೆಗೆ ವಾಪಸಾಗುವಾಗ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರೂ ನನಗೆ ಕೇಳಿಸಲಿಲ್ಲ.

ಅವ್ವನಿಗೆ ಹೇಳಲು ಒಂದು ತಿಂಗಳು ತಡೆದೆ. ಅಷ್ಟರಲ್ಲಿ ಹರಿಹರದವಳು ಎರಡು ಸಲ ಮನೆಗೆ ಬಂದಿದ್ದಳು. ಅವ್ವನಿಗೆ ಅವಳೆಂದರೆ ಹಿಗ್ಗು. ಅವಳು ತಂದಿದ್ದ ಆ ಪುಸ್ತಕ ಏನೆಂದು ಕೇಳಿ, ಮಂಗಾ ಎಂದಾಗ, "ಮಂಗ್ಯಾನ ಪುಸ್ತಕ ಓದಾಕೆ ಇಷ್ಟು ದೊಡ್ಡ ಹುಡ್ಗೀರೇನು? ಅದೂ ಹಿಂದಿನಿಂದ!" ಎಂದು ರೇಗಿಸಿದ್ದಳು. ಆ ಧೈರ್ಯದ ಮೇಲೆಯೇ ಒಂದು ದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದ ಅವ್ವನಿಗೆ ಹೇಳಿಬಿಟ್ಟೆ. ನಾವಿಬ್ಬರೂ ಆ ಕೋಳಿಗೂಡಿನ ಹುಡುಗಿಯರ ಹಾಗೆ ಎಂದೆ.

ಅವ್ವ ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು. ಸುಟ್ಟು ಕರಿಯಾಗುವವರೆಗೂ ತೆಗೆಯಲಿಲ್ಲ.

"ಅದು ಗೊಂಬೆ ಕತಿ," ಎಂದಳು ಕೊನೆಗೆ. "ಅವು ಜಪಾನಿನವು. ಅವ್ಕೆ ಹಿಂದಿಲ್ಲ ಮುಂದಿಲ್ಲ. ಅವ್ಕೆ ಅವ್ವಾದ್ರೂ ಅದಾಳೇನು? ಒಂದಿನಾನೂ ಬರ್ಲಿಲ್ಲ ಆಕಿ."

ಅದು ನಿಜ. ಅಷ್ಟು ಸೂಕ್ಷ್ಮವಾಗಿ ಬರೆದ ಕತೆಯಲ್ಲಿ ತಾಯಂದಿರೇ ಇರಲಿಲ್ಲ. ಹುಡುಗಿಯರು ರಜೆಗೂ ಮನೆಗೆ ಹೋಗುವುದಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಹತ್ತನೇ ಕಂತಿನಿಂದ ಮುಂದಕ್ಕೆ ಅವ್ವ ನೋಡಲಿಲ್ಲ. ನನ್ನ ಜೊತೆ ಮಾತು ನಿಲ್ಲಿಸಿದಳು ಅನ್ನುವಂತಿರಲಿಲ್ಲ, ಗೋಡೆಯ ಕಡೆ ನೋಡಿ, "ಯಾರರ ಉಣ್ಣೋರಿದ್ರೆ ಉಣ್ಲಿ," ಎನ್ನುತ್ತಿದ್ದಳು. ಅಕ್ಕನಿಗೆ ಹೇಳಲಿಲ್ಲ. ನೆಂಟರೊಬ್ಬರು ಗಂಡು ಇದೆ ಎಂದು ಫೋನ್ ಮಾಡಿದಾಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೀಗೇ ಎರಡು ತಿಂಗಳು ಹೋಯಿತು. ನಾನು ಶಾಲೆಗೆ ಹೋಗಿ ಬರುತ್ತಿದ್ದೆ. ಹರಿಹರದಲ್ಲಿ ಅವಳ ಮನೆಯಲ್ಲೂ ವಿಷಯ ತಿಳಿದಿತ್ತು.

ಒಂದು ಶುಕ್ರವಾರ ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವ್ವ ಬಂದು ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಆಕಿ ಮನ್ಯಾಗೆ ಗೊತ್ತೇನು?"

"ಅಣ್ಣಗೆ ಗೊತ್ತಾಗೈತೆ. ಅಂಗಡಿಗೆ ಬರಬ್ಯಾಡ ಅಂದಾನೆ."

ಅವ್ವ ನಾಲ್ಕೈದು ಕಾಯಿ ಸುಲಿದಳು. "ಮತ್ತೆ ಊಟಕ್ಕೆ?"

"ಗೆಳತಿ ಮನ್ಯಾಗೆ ಅದಾಳೆ ಅವ್ವ."

"ಎಷ್ಟು ದಿನ ಮಂದಿ ಮನ್ಯಾಗೆ ಉಣ್ತಾಳೆ?" ದನಿಯಲ್ಲಿ ನಿಜವಾದ ಸಿಟ್ಟಿತ್ತು, ಯಾರ ಮೇಲೆಂದು ಗೊತ್ತಾಗಲಿಲ್ಲ. "ಐತಾರ ಬರಾಕೆ ಹೇಳು."

ಭಾನುವಾರ ಬಂದಳು. ಅವ್ವ ಅವಳ ಮುಖ ಸರಿಯಾಗಿ ನೋಡಲಿಲ್ಲ, ಆದರೆ ತಟ್ಟೆಗೆ ಬೇಡವೆಂದರೂ ಮೂರನೇ ರೊಟ್ಟಿ ಹಾಕಿದಳು. ಊಟವಾದ ಮೇಲೆ ಟಿವಿ ಹಾಕಲು ಯಾರಿಗೂ ಧೈರ್ಯವಿರಲಿಲ್ಲ. ಅವ್ವನೇ ಕನ್ನಡಕ ಹುಡುಕಿಕೊಂಡು ಬಂದು, "ಆ ಉದ್ದಾಕಿ ಹೇಳಿದ್ಲಲ್ಲ, ಆಮ್ಯಾಲೆ ಏನಾತು?" ಎಂದಳು. ಉಳಿದ ಮೂರು ಕಂತನ್ನೂ ಒಂದೇ ಸಲಕ್ಕೆ ನೋಡಿದೆವು. ಕೊನೆಯಲ್ಲಿ ಕಾಲೇಜಿನವರು ಕೋಳಿಗೂಡನ್ನು ಬೇರೆಯವರಿಗೆ ಕೊಡುತ್ತಾರೆ. ಬೀಗದ ಕೈ ಹಿಂತಿರುಗಿಸಿದ ಹುಡುಗಿಯರು ಅಭ್ಯಾಸಬಲದಿಂದ ಮರುದಿನ ಬೆಳಗ್ಗೆಯೂ ಅದೇ ಹೊತ್ತಿಗೆ ಗೂಡಿನ ಮುಂದೆ ಬಂದು ನಿಲ್ಲುತ್ತಾರೆ, ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ.

"ಇಷ್ಟೇನಾ?" ಎಂದಳು ಅವ್ವ. "ಕಾಲೇಜು ಮುಗಿದ ಮ್ಯಾಲೆ ಎಲ್ಲಿರ್ತಾರಂತೆ? ಅದನ್ನ ಹೇಳಾಕೆ ಏನಾಗಿತ್ತು ಅವ್ರಿಗೆ?"

ಹರಿಹರದವಳು ಮೆಲ್ಲಗೆ, "ದಾವಣಗೆರ್ಯಾಗೆ ಒಂದು ಪ್ರೆಸ್ಸಿನಾಗೆ ಕೆಲ್ಸ ಸಿಕ್ಕೈತ್ರಿ, ಅವ್ವಾರೆ. ಮನಿ ನೋಡಬೇಕು," ಎಂದಳು. ಕತೆಯ ಬಗ್ಗೆ ಕೇಳಿದ ಪ್ರಶ್ನೆಗೆ ಈ ಉತ್ತರ ಬಂದದ್ದನ್ನು ಮೂವರೂ ಗಮನಿಸಿದೆವು.

ನಿಟ್ಟುವಳ್ಳಿಯಲ್ಲಿ ಗುಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಅವಳಿಗೆ ಸಿಕ್ಕಿತು. ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹತ್ತು ನಿಮಿಷ. ಹಾಲು ಉಕ್ಕಿಸುವ ದಿನ ಅವ್ವನೂ ಬಂದಳು. ನಮ್ಮಿಬ್ಬರ ವಿಷಯ ಇಂದಿಗೂ ಅವಳು ಬಾಯಿಬಿಟ್ಟು ಒಪ್ಪಿಲ್ಲ, ನಾನೂ ಒತ್ತಾಯಿಸಿಲ್ಲ. ಆ ದಿನ ಮನೆಯ ಒಡತಿ ಬಾಗಿಲಲ್ಲಿ ನಿಂತು, "ಎಷ್ಟು ಮಂದಿ ಇರ್ತೀರಮ್ಮ?" ಎಂದು ಕೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವ್ವ ಒಲೆಯ ಮುಂದಿನಿಂದಲೇ, "ಸದ್ಯಕ್ಕೆ ಒಬ್ಬಾಕಿ ರಿ," ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, ಒಲೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿರಿ, ಇಲ್ಲಿ ಇಬ್ಬರು ನಿಂತು ಅಡುಗೆ ಮಾಡಲು ಜಾಗ ಸಾಲುವುದಿಲ್ಲ ಎಂದು ಬೈಯತೊಡಗಿದಳು.